ಕತ್ತು ಕಲಿತ ಆಟ

"ಹಳೆಯದನ್ನು ಎಷ್ಟು ದಿನ ಅಂತ ಹೊರಬೇಕು, ಮೇಷ್ಟ್ರೇ?"

ಕೇಳಿದವನು ಪರಶಿವ. ಇಪ್ಪತ್ತು ವರ್ಷದ ಹಿಂದೆ ಚಿಕ್ಕವೀರಯ್ಯ ಮೇಷ್ಟ್ರ ಹತ್ತಿರ ಪ್ರೋಗ್ರಾಂ ಬರೆಯುವುದನ್ನು ಕಲಿತವನು. ಆಳು ಬಲು ಎತ್ತರ. ಆ ಬೆಳಿಗ್ಗೆ ಎಂದಿನಂತೆ ತಲೆ ತಗ್ಗಿಸಿ ಬಾಗಿಲು ದಾಟಿ, ಮೇಷ್ಟ್ರ ಓದುವ ಕೋಣೆಗೆ ಬಂದು ಚಾಪೆಯ ಮೇಲೆ ಕೂತಿದ್ದ. ಕಲಿಯಲು ಬಂದ ಮೊದಲ ವಾರವೇ ಆ ಬಾಗಿಲ ಮೇಲಿನ ಪಟ್ಟಿಗೆ ಅವನು ಹಣೆ ಚಚ್ಚಿಕೊಂಡಿದ್ದ. ಮೇಷ್ಟ್ರ ಹೆಂಡತಿ ಓಡಿಬಂದು ಅರಿಸಿನ ಮೆತ್ತಿದ್ದರು. ಆ ತಾಯಿ ಈಗಿಲ್ಲ. ಅರಿಸಿನದ ತಂಪು ಮಾತ್ರ ಹಣೆಯಲ್ಲಿ ಇನ್ನೂ ಉಳಿದಿದೆಯೆಂದು ಅವನಿಗೆ ಆಗಾಗ ಅನಿಸುತ್ತಿತ್ತು. ಇವತ್ತು ಅವನು ತಲೆ ತಗ್ಗಿಸಿ ಒಳಗೆ ಬಂದದ್ದನ್ನು ಕಂಡು ಮೇಷ್ಟ್ರು ಮೀಸೆಯಲ್ಲೇ ನಕ್ಕರು. ಯಾಕೆಂದು ಪರಶಿವ ಕೇಳಲಿಲ್ಲ.

ಅವನ ತಲೆಯಲ್ಲಿ ಬೇರೆಯೇ ಬಿಸಿಯಿತ್ತು. ಮೇಷ್ಟ್ರು ಒಂದು ಕಾಲದಲ್ಲಿ ತಮ್ಮ ಹುಡುಗರಿಗೆಂದು ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದರು. ಅದು ಕೈಯಿಂದ ಕೈಗೆ ಹಬ್ಬಿತು. ಶಾಲೆಯವರು ಅದರಲ್ಲಿ ಹಾಜರಿ ಹಾಕಿದರು, ಗ್ರಂಥಾಲಯದವರು ಪುಸ್ತಕದ ಪಟ್ಟಿ ಮಾಡಿದರು, ಮಳೆ ಅಳೆಯುವವರು ಮಳೆ ಬರೆದಿಟ್ಟರು. ಈಗ ಆ ಭಾಷೆಯನ್ನು ನೋಡಿಕೊಳ್ಳುವವನು ಪರಶಿವ. ಅವನು ಎರಡು ವರ್ಷ ಕೂತು ಹೊಸ ಆವೃತ್ತಿ ಸಿದ್ಧಮಾಡಿದ್ದ. ಕಂಪ್ಯೂಟರಿಗೆ ಒಂದು ಕೆಲಸ ಹೇಳುವ ರೀತಿಯನ್ನೇ ಬದಲಾಯಿಸಿದ್ದ. ಹೊಸ ರೀತಿ ಚೊಕ್ಕವಾಗಿತ್ತು, ಚುರುಕಾಗಿತ್ತು. ಆದರೆ ಹಳೆಯ ರೀತಿಯಲ್ಲಿ ಬರೆದ ಪ್ರೋಗ್ರಾಂಗಳು ಅದರಲ್ಲಿ ಒಂದು ಹೆಜ್ಜೆಯೂ ಇಡುತ್ತಿರಲಿಲ್ಲ. ಒಂದೊಂದನ್ನೂ ಬಿಚ್ಚಿ, ಸಾಲು ಸಾಲಾಗಿ ತಿದ್ದಬೇಕು. ಒಂದು ಹಳ್ಳಿಯ ಗ್ರಂಥಾಲಯದ ಹೆಂಗಸೊಬ್ಬರು ಕಾಗದ ಬರೆದಿದ್ದರು. ನಮ್ಮ ಪ್ರೋಗ್ರಾಂ ಬರೆದವರು ತೀರಿಕೊಂಡಿದ್ದಾರೆ, ನನಗೆ ತಿದ್ದಲು ಬರುವುದಿಲ್ಲ, ಏನು ಮಾಡಲಿ ಎಂದು. ಅಂಥ ಕಾಗದ ಅದೊಂದೇ ಅಲ್ಲ. ಪರಶಿವನಿಗೆ ರೇಗಿತ್ತು. ಒಳ್ಳೆಯದನ್ನು ಕೊಟ್ಟರೂ ಜನ ಅಳುತ್ತಾರಲ್ಲ ಎಂಬ ಸಿಟ್ಟು. ಹಳೆಯ ರೀತಿಯನ್ನೂ ಇಟ್ಟುಕೊಂಡರೆ ಮನೆ ತುಂಬ ಹರಕು ಮುರುಕು ಪೇರಿಸಿಕೊಂಡಂತೆ ಎಂದು ಅವನು ಮೇಷ್ಟ್ರ ಮುಂದೆ ವಾದಿಸಿದ.

ಮೇಷ್ಟ್ರು ಎಲೆಯಡಿಕೆಯ ತಟ್ಟೆ ಪಕ್ಕಕ್ಕೆ ಸರಿಸಿ, ಒಬ್ಬ ಗೊಂಬೆ ಮಾಡುವವನಿದ್ದ, ಕೇಳು ಎಂದರು.

ಒಬ್ಬ ಗೊಂಬೆ ಮಾಡುವವನಿದ್ದ. ಅವನ ಅಪ್ಪನೂ ಗೊಂಬೆ ಮಾಡುವವನೇ, ಅಜ್ಜನೂ ಗೊಂಬೆ ಮಾಡುವವನೇ. ಸೂತ್ರದ ಗೊಂಬೆ. ಸುತ್ತಿನ ಹಳ್ಳಿಗಳಲ್ಲಿ ಗೊಂಬೆಯಾಟ ಆಡಿಸುವವರೆಲ್ಲ ಆ ಮನೆಯಿಂದಲೇ ಗೊಂಬೆ ಒಯ್ಯಬೇಕು. ಆ ಗೊಂಬೆಗಳ ದಾರ ಕೈಗೆ ಬರುತ್ತಿರಲಿಲ್ಲ, ತಲೆಗೆ ಬರುತ್ತಿತ್ತು. ಹೆಂಗಸರು ಕೊಡ ಹೊರುವಾಗ ತಲೆಯ ಮೇಲೆ ಸಿಂಬಿ ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದೇ ಒಂದು ಸಿಂಬಿ. ಬೆತ್ತದ ಬಳೆಗೆ ಹಳೆಯ ಸೀರೆ ಸುತ್ತಿ ಮಾಡಿದ್ದು. ಆಡಿಸುವವನು ಅದನ್ನು ತಲೆಗೆ ಇಟ್ಟುಕೊಳ್ಳುತ್ತಿದ್ದ. ಗೊಂಬೆ ಅದರಿಂದ ತೂಗುತ್ತಿತ್ತು. ಆಡಿಸುವವನು ತಲೆ ಬಾಗಿಸಿದರೆ ಗೊಂಬೆಯೂ ಬಾಗುತ್ತಿತ್ತು. ಅವನು ತಿರುಗಿದರೆ ಅದೂ ತಿರುಗುತ್ತಿತ್ತು. ಅವನ ಕತ್ತು ನಡುಗಿದರೆ ಗೊಂಬೆಗೆ ಅಳು ಬರುತ್ತಿತ್ತು. ಹೀಗೆ ಅಪ್ಪನ ಕತ್ತು ನೋಡಿ ಮಗನ ಕತ್ತು ಕಲಿಯುತ್ತಿತ್ತು. ಪುಸ್ತಕವಿಲ್ಲ, ಪಾಠವಿಲ್ಲ.

ಗೊಂಬೆ ಮಾಡುವವನು ಒಳ್ಳೆಯವನಪ್ಪ. ಕೆಟ್ಟವನಾಗಿದ್ದರೆ ನಿನಗೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ. ಆಡಿಸುವವರು ನಲವತ್ತು ದಾಟುವ ಹೊತ್ತಿಗೆ ಕತ್ತು ಹಿಡಿದುಕೊಂಡು ನರಳುವುದನ್ನು ಅವನು ಕಂಡಿದ್ದ. ಪಾಪ, ಇವರ ಹೊರೆ ಇಳಿಸಬೇಕು ಎಂದುಕೊಂಡ. ಮೂರು ವರ್ಷ ತಲೆ ಕೆಡಿಸಿಕೊಂಡು ಒಂದು ಮರದ ಅಡ್ಡಪಟ್ಟಿ ಮಾಡಿದ. ಅದನ್ನು ಎಡಗೈಯಲ್ಲಿ ಹಿಡಿದರೆ ಸಾಕು. ದಾರಗಳು ಬೆರಳಿಗೆ ಬರುತ್ತವೆ. ಹೆಬ್ಬೆರಳು ಸಡಿಲಿಸಿದರೆ ಗೊಂಬೆ ತಲೆ ಬಾಗಿಸುತ್ತದೆ. ತೋರುಬೆರಳು ಆಡಿಸಿದರೆ ಅತ್ತ ಇತ್ತ ತಲೆ ಅಲ್ಲಾಡಿಸುತ್ತದೆ. ಕಿರುಬೆರಳಿಗೂ ಒಂದು ದಾರ ಕೊಟ್ಟ. ಅದನ್ನು ಎಳೆದರೆ ಗೊಂಬೆ ಕಣ್ಣೆತ್ತಿ ನೋಡುತ್ತದೆ. ಗೊಂಬೆ ಕಣ್ಣೆತ್ತಿ ನೋಡುವುದನ್ನು ಆ ಸೀಮೆಯಲ್ಲಿ ಅಲ್ಲಿಯತನಕ ಯಾರೂ ಕಂಡಿರಲಿಲ್ಲ.

ಹೊಸದಾಗಿ ಕಲಿಯುವವರು ಅವನನ್ನು ಕೊಂಡಾಡಿದರು. ಅವನಿಗೂ ಹಿಗ್ಗಾಯಿತು. ಯಾಕಾಗಬಾರದು? ನಿಜವಾಗಿ ಚೆನ್ನಾಗಿಯೇ ಇತ್ತು. ಆದರೆ ಹಿಗ್ಗಿನಲ್ಲಿ ಅವನು ಎರಡು ಕೆಲಸ ಮಾಡಿದ. ಇನ್ನು ಸಿಂಬಿ ಯಾರಿಗೆ ಬೇಕು ಎಂದು ಅಟ್ಟದ ಮೇಲೆ ಅಪ್ಪನ ಕಾಲದಿಂದ ಪೇರಿಸಿಟ್ಟ ಸಿಂಬಿಗಳನ್ನೆಲ್ಲ ಇಳಿಸಿ ನೀರೊಲೆಗೆ ಹಾಕಿದ. ಎರಡನೆಯದಾಗಿ, ಬಣ್ಣ ಹಚ್ಚಲೆಂದು ಬಂದ ಗೊಂಬೆಗಳಿಗೂ ಹಳೆಯ ದಾರ, ಸಿಂಬಿ ಕಿತ್ತು ಅಡ್ಡಪಟ್ಟಿ ಕಟ್ಟಿ ಕಳಿಸತೊಡಗಿದ. ಕೇಳಲಿಲ್ಲ, ಹೇಳಲಿಲ್ಲ. ಉಪಕಾರ ಮಾಡುವಾಗ ಕೇಳಿ ಮಾಡಬೇಕೇ ಎಂಬ ಧೈರ್ಯ. ನೀನು ತಲೆ ಕೆರೆದುಕೊಳ್ಳಬೇಡ, ನಿನಗೆ ಹೇಳುತ್ತಿಲ್ಲ, ಗೊಂಬೆ ಮಾಡುವವನಿಗೆ ಹೇಳುತ್ತಿದ್ದೇನೆ.

ದೂರದ ಒಂದು ಊರಿನಲ್ಲಿ ಆಟ ಆಡಿಸುವ ಒಬ್ಬ ಮುದುಕನಿದ್ದ. ಅವನ ಹತ್ತಿರ ಹತ್ತೊಂಬತ್ತು ಆಟಗಳಿದ್ದವು. ಅದರಲ್ಲಿ ಜನ ಬೇಡಿ ಬೇಡಿ ಆಡಿಸಿಕೊಳ್ಳುತ್ತಿದ್ದದ್ದು ಒಂದೇ. ತಾಯಿಯೊಬ್ಬಳು ಮಗಳನ್ನು ಗಂಡನ ಮನೆಗೆ ಕಳಿಸುವ ಆಟ. ಎಲ್ಲ ಶಾಸ್ತ್ರ ಮುಗಿದ ಮೇಲೆ ಮಗಳು ಹೊಸಿಲ ಮೇಲೆ ನಿಂತು, ಅಮ್ಮಾ, ಹೋಗಿ ಬರಲೇ ಎಂದು ಕೇಳುತ್ತಾಳೆ. ತಾಯಿಗೆ ಬಾಯಿ ಬರುವುದಿಲ್ಲ. ಸುಮ್ಮನೆ ತಲೆ ಬಾಗಿಸುತ್ತಾಳೆ. ಅಷ್ಟೇ ಆಟ. ಆ ಒಂದು ತಲೆ ಬಾಗಿಗಾಗಿ ಹೆಂಗಸರು ಮಧ್ಯಾಹ್ನವೇ ಬಂದು ಜಾಗ ಹಿಡಿಯುತ್ತಿದ್ದರು. ಅಲ್ಲಿ ಕೂತವರೆಲ್ಲ ಒಂದಲ್ಲ ಒಂದು ಹೊಸಿಲು ದಾಟಿ ಬಂದವರು. ಸೆರಗಿಗೆ ಕಣ್ಣೊರೆಸಿಕೊಂಡು, ಹಗುರಾಗಿ ಮನೆಗೆ ಹೋಗುತ್ತಿದ್ದರು. ಮುದುಕ ಆ ತಲೆ ಬಾಗನ್ನು ತನ್ನ ತಾಯಿಯಿಂದ ಕಲಿತಿದ್ದ. ಆಕೆ ಅವನ ಅಕ್ಕನನ್ನು ಹಾಗೆಯೇ ಕಳಿಸಿಕೊಟ್ಟಿದ್ದಳು. ಆ ತಾಯಿ ಸತ್ತು ಎಷ್ಟೋ ವರ್ಷವಾಗಿತ್ತು. ಅವಳ ಕತ್ತು ಮಾತ್ರ ಮಗನ ಕತ್ತಿನಲ್ಲಿ ಬದುಕಿತ್ತು.

ಸುಗ್ಗಿ ಮುಗಿದ ಮೇಲೆ ಮುದುಕ ತಾಯಿ ಗೊಂಬೆಯನ್ನು, ತನಗಿದ್ದ ಒಂದೇ ಸಿಂಬಿಯ ಸಮೇತ, ಬಣ್ಣ ಹಚ್ಚಿಸಲು ಗಾಡಿಯಲ್ಲಿ ಕಳಿಸಿದ. ಬಣ್ಣವಾಗಿ ಗೊಂಬೆ ಬಂತು. ಅವರಲ್ಲಿ ಒಂದು ಪದ್ಧತಿಯಿದೆ. ಬಣ್ಣವಾಗಿ ಬಂದ ಗೊಂಬೆಯ ಗಂಟನ್ನು ಮನೆಯಲ್ಲಿ ಬಿಚ್ಚುವಂತಿಲ್ಲ. ಆಟದ ದಿನ, ಪರದೆ ಕಟ್ಟಿ, ದೀಪ ಹಚ್ಚಿ, ಕೈಮುಗಿದು ಅಲ್ಲಿಯೇ ಬಿಚ್ಚಬೇಕು. ಮುದುಕ ಹಾಗೆಯೇ ಮಾಡಿದ. ಆಚೆ ಜನ ಕೂತಾಗಿತ್ತು. ಗಂಟು ಬಿಚ್ಚಿದರೆ ಸಿಂಬಿ ಇಲ್ಲ. ಕಾಗೆಗೂಡಿನ ಹಾಗೆ ದಾರ ಸುತ್ತಿದ ಒಂದು ಮರದ ತುಂಡು ಇದೆ.

ಏನು ಮಾಡುತ್ತಾನೆ? ಅತ್ತ ದರಿ, ಇತ್ತ ಪುಲಿ. ಹೇಗೋ ಹಿಡಿದುಕೊಂಡು ಆಟ ಶುರುಮಾಡಿದ. ತಡವರಿಸುತ್ತಾ ತಡವರಿಸುತ್ತಾ ಕೊನೆಯವರೆಗೆ ಬಂದ. ಮಗಳು ಹೊಸಿಲ ಮೇಲೆ ನಿಂತು ಹೋಗಿ ಬರಲೇ ಎಂದಳು. ಮುದುಕ ತಲೆ ಬಾಗಿಸಿದ. ಗೊಂಬೆ ಕಂಬದಂತೆ ನಿಂತಿತ್ತು. ಅವನು ಇನ್ನಷ್ಟು ಬಾಗಿಸಿದ. ಗೊಂಬೆ ನಿಂತೇ ಇತ್ತು. ಆಗ ಗಾಬರಿಯಲ್ಲಿ ಬೆರಳು ಆಡಿಸಿದ. ಆಡಿದ್ದು ತೋರುಬೆರಳು. ಹೋಗಿ ಬರಲೇ ಎಂದ ಮಗಳಿಗೆ ತಾಯಿ ಬೇಡ, ಬೇಡ ಎಂದು ಎರಡು ಸಲ ತಲೆ ಅಲ್ಲಾಡಿಸಿಬಿಟ್ಟಳು. ಜನ ಗೊಳ್ಳೆಂದು ನಕ್ಕರು. ಅಳಿಯ ಬರಿಗೈಲಿ ವಾಪಸು ಹೋಗಪ್ಪ ಎಂದು ಯಾರೋ ಕೂಗಿದರು.

ನಲವತ್ತು ವರ್ಷ ಅತ್ತ ಜಾಗದಲ್ಲಿ ಜನ ನಕ್ಕರು. ಮುದುಕ ಆಟ ಅರ್ಧಕ್ಕೆ ನಿಲ್ಲಿಸಿ ಪರದೆ ಬಿಟ್ಟ. ಅವನ ಆಟ ಅರ್ಧಕ್ಕೆ ನಿಂತದ್ದು ಅದೇ ಮೊದಲು. ಅವನಿಗೆ ಒಬ್ಬಳು ಮಗಳು. ಅವಳೇ ಅವನ ಹಿಂದೆ ನಿಂತು ಆಟ ಕಲಿಯುತ್ತಿದ್ದಳು. ಅಪ್ಪಾ, ಈಗ ನಾನು ಯಾವುದನ್ನು ನೋಡಿ ಕಲಿಯಲಿ, ನಿನ್ನ ಕತ್ತನ್ನೋ ಬೆರಳನ್ನೋ ಎಂದು ಅವಳು ಕೇಳಿದಳು.  ಹತ್ತೊಂಬತ್ತು ಆಟಗಳು ತನ್ನ ಜೊತೆಗೇ ಮಣ್ಣು ಸೇರುತ್ತವೆ ಎಂದು ಅವನಿಗೆ ಅಲ್ಲಿಯೇ ಖಾತ್ರಿಯಾಯಿತು.

ಮರುದಿನ ಅವನು ಗೊಂಬೆಯನ್ನು ಹೆಗಲಿಗೆ ಹಾಕಿಕೊಂಡು ನಡೆದ. ಎರಡು ದಿನದ ದಾರಿ. ಗೊಂಬೆ ಮಾಡುವವನು ಅವನನ್ನು ದೂರದಿಂದಲೇ ಕಂಡು, ಹೊಗಳಲು ಬರುತ್ತಿದ್ದಾನೆ ಎಂದುಕೊಂಡ. ಕಾಲಿಗೆ ನೀರು ಕೊಟ್ಟು, ಬೆಲ್ಲ ಕೊಟ್ಟು, ಅಡ್ಡಪಟ್ಟಿ ಹೇಗಿದೆ ಎಂದು ಕೇಳಿದ. ಮುದುಕ ನಡೆದದ್ದನ್ನೆಲ್ಲ ಹೇಳಿದ. ಬೈಯಲಿಲ್ಲ, ಅಳಲಿಲ್ಲ. ಗೊಂಬೆ ಮಾಡುವವನ ಮುಖ ಸಪ್ಪಗಾಯಿತು. ಇರಲಿ, ನಾನು ಕಲಿಸಿಕೊಡುತ್ತೇನೆ ಎಂದು ಎದುರಿಗೆ ಕೂರಿಸಿಕೊಂಡು ಒಂದೊಂದೇ ಬೆರಳು ಹಿಡಿದು ಹೇಳಿಕೊಟ್ಟ. ಮುದುಕ ಮನಸ್ಸಿಟ್ಟು ಕಲಿತ. ಊಟದ ಹೊತ್ತಾಯಿತು. ಪ್ರತಿ ಸಲವೂ ಮೊದಲು ಅವನ ಕತ್ತು ಬಾಗುತ್ತಿತ್ತು, ಆಮೇಲೆ ನೆನಪಾಗಿ ಬೆರಳು ಆಡುತ್ತಿತ್ತು. ಆಟವಾಗಿದ್ದರೆ ಅಷ್ಟರಲ್ಲಿ ಮಗಳು ಹೊಸಿಲು ದಾಟಿ ಹೋಗಿರುತ್ತಿದ್ದಳು.

ಗೊಂಬೆ ಮಾಡುವವನಿಗೆ ತಾಳ್ಮೆ ತಪ್ಪಿತು. "ನಾಲ್ಕು ದಿನ ರೂಢಿ ಮಾಡಿಕೊಂಡರೆ ಸರಿಹೋಗುತ್ತೆ, ಯಜಮಾನರೇ. ಇದರಲ್ಲಿ ಏನಿದೆ?"

ಮುದುಕ ಅಡ್ಡಪಟ್ಟಿಯನ್ನು ಕೆಳಗಿಟ್ಟ.

"ಗೊಂಬೆಯ ದಾರ ಬದಲಾಯಿಸಿದಿರಿ, ಸರಿ. ನನ್ನ ಕತ್ತಿನ ದಾರವನ್ನೂ ಬದಲಾಯಿಸಿ ಕೊಟ್ಟುಬಿಡಿ, ಹೊರಡುತ್ತೇನೆ."

 ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಆ ಗಾದೆಯಲ್ಲಿ ತಾನು ಬೆಕ್ಕು ಎಂದು ಗೊಂಬೆ ಮಾಡುವವನಿಗೆ ಅವತ್ತು ತಿಳಿಯಿತು. ಒಳ್ಳೆಯವನು ಎಂದೆನಲ್ಲ, ನಾಚಿಕೆಯಾಯಿತು. ಎದ್ದು, ನಿಮಗೊಂದು ಸಿಂಬಿ ಮಾಡಿಕೊಡುತ್ತೇನೆ ಎಂದ. ಹೇಳಿದ್ದೇನೋ ಹೇಳಿದ. ಅಟ್ಟದ ಸಿಂಬಿಗಳು ಒಲೆ ಸೇರಿ ವರ್ಷವಾಗಿತ್ತು, ಗೊಂಬೆಗಳ ಜೊತೆ ಬಂದವೂ ಅಲ್ಲಿಗೇ ಹೋಗಿದ್ದವು. ಬೆತ್ತ ತಂದ, ನೀರಿನಲ್ಲಿ ನೆನೆಸಿದ, ಬಗ್ಗಿಸಿದ. ಎಷ್ಟು ಅಗಲ ಬಗ್ಗಿಸಬೇಕು? ಗೊತ್ತಿಲ್ಲ. ಇದುವರೆಗೆ ಅಪ್ಪ ಮಾಡಿಟ್ಟದ್ದನ್ನೇ ಕಟ್ಟಿಕೊಡುತ್ತಿದ್ದ. ಅಪ್ಪ ಮಾಡುವಾಗ ಪಕ್ಕದಲ್ಲೇ ಕೂತಿರುತ್ತಿದ್ದ, ಅಳತೆ ಕೇಳಿರಲಿಲ್ಲ. ಅಪ್ಪ ಹೇಳಿಯೂ ಇರಲಿಲ್ಲ. ಆಗ ಅವನಿಗೆ ಅಪ್ಪನ ನೆನಪು ಉಕ್ಕಿ ಬಂತು. ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ಮಂಡಿಯ ಮೇಲೆ ಬೆತ್ತ ಬಗ್ಗಿಸುತ್ತಾ, ಅವ್ವನ ಹಳೆಯ ಸೀರೆ ಸುತ್ತುತ್ತಿದ್ದ ಅಪ್ಪ. ಈ ಸೀರೆ ಉಟ್ಟುಕೊಂಡೇ ನಿಮ್ಮವ್ವ ಈ ಮನೆಗೆ ಬಂದದ್ದು ಎಂದು ಪ್ರತಿ ಸಲವೂ ಹೇಳುತ್ತಿದ್ದ ಅಪ್ಪ. ಆ ಸೀರೆಯೂ ತನ್ನ ನೀರೊಲೆಯಲ್ಲೇ ಉರಿದದ್ದು ಹೊಳೆದು ಅವನು ಬೆತ್ತವನ್ನು ಕೆಳಗಿಟ್ಟ.

ಮುದುಕ ಗೋಡೆಯ ಕಡೆ ನೋಡುತ್ತಿದ್ದ. ಅಲ್ಲಿ ಒಂದು ಮೊಳೆಗೆ ಹಳೆಯ ದಾರಗಳ ಕಟ್ಟು ತೂಗುತ್ತಿತ್ತು. ಒಂದೊಂದು ದಾರಕ್ಕೂ ಒಂದೊಂದು ಲೆಕ್ಕದ ಗಂಟು. ಒಂದಕ್ಕೆ ಎರಡು ಗಂಟು, ಒಂದಕ್ಕೆ ಐದು. ಗೊಂಬೆ ಮಾಡುವವನ ಅಪ್ಪ ಸತ್ತಾಗಿನಿಂದ ಅದು ಅಲ್ಲೇ ಇತ್ತು. ಯಾವುದಕ್ಕೆಂದು ಗೊತ್ತಿಲ್ಲದೆ, ಅಪ್ಪನದಲ್ಲವೇ ಎಂದು ಅವನು ಬಿಸಾಡದೆ ಬಿಟ್ಟಿದ್ದ. ಬಿಟ್ಟದ್ದೇ ಪುಣ್ಯ. ಮುದುಕ ಹೋಗಿ ಕಟ್ಟು ಇಳಿಸಿ, ಏಳು ಗಂಟಿನ ದಾರವೊಂದನ್ನು ಬೇರೆ ಮಾಡಿದ. ಇದು ನಾನು ಎಂದ. ಸಿಂಬಿ ಮಾಡುವ ಮುಂಚೆ ನಿಮ್ಮಪ್ಪ ಒಬ್ಬೊಬ್ಬರ ತಲೆಗೂ ದಾರ ಸುತ್ತಿ ಅಳತೆ ಇಟ್ಟುಕೊಳ್ಳುತ್ತಿದ್ದರು ಎಂದು ಹೇಳಿದ. ಉಳಿದ ದಾರಗಳನ್ನೂ ಗಂಟಿನ ಮೇಲೆ ಗುರುತು ಹಿಡಿದು, ಇದು ಇಂಥ ಊರಿನವನು, ಇದು ಇಂಥವನು, ಇವನು ಹೋದ, ಇವನಿದ್ದಾನೆ ಎಂದು ಒಂದೊಂದಾಗಿ ನೆಲದ ಮೇಲೆ ಇಟ್ಟ. ತನ್ನದು ಬಿಟ್ಟು ಹದಿನಾರು ದಾರ. ಹೋದವರು ಐವರು. ಇರುವವರು ಹನ್ನೊಂದು. ಅಷ್ಟೂ ಜನರ ಗೊಂಬೆಗಳಿಗೆ ಗೊಂಬೆ ಮಾಡುವವನು ಅಡ್ಡಪಟ್ಟಿ ಕಟ್ಟಿ ಕಳಿಸಿದ್ದ. ಅವರಲ್ಲಿ ಒಬ್ಬರೂ ಬಂದು ದೂರಿರಲಿಲ್ಲ. ಎಲ್ಲರಿಗೂ ಹಿಡಿಸಿದೆ ಎಂದೇ ಅವನು ತಿಳಿದಿದ್ದ. ಅವರೆಲ್ಲ ಆಟವನ್ನೇ ಬಿಟ್ಟಿದ್ದಾರೆ ಎಂದು ಮುದುಕ ಹೇಳಿದ.

ಗೊಂಬೆ ಮಾಡುವವನು ಏಳು ಗಂಟಿನ ದಾರವನ್ನು ಮುದುಕನ ತಲೆಗೆ ಸುತ್ತಿದ. ಒಂದು ಬೆರಳಷ್ಟು ಹೆಚ್ಚಾಯಿತು. ಆಗ ಕೂದಲಿತ್ತು ಎಂದು ಮುದುಕ ನಕ್ಕ. 

ಸಿಂಬಿಯಾಯಿತು. ಈ ಸಲ ಅದಕ್ಕೆ ಸುತ್ತಿದ್ದು ಗೊಂಬೆ ಮಾಡುವವನ ಹೆಂಡತಿಯ ಸೀರೆ. ಆದರೆ ಅವನು ಅಡ್ಡಪಟ್ಟಿಯನ್ನು ಎಸೆಯಲಿಲ್ಲ. ಇದನ್ನು ಗಮನವಿಟ್ಟು ಕೇಳು. ಅಡ್ಡಪಟ್ಟಿಯನ್ನು ಸಿಂಬಿಗೆ ತೂಗುಹಾಕಿದ. ಕತ್ತು ಬಾಗಿದರೆ ಹೆಬ್ಬೆರಳಿನ ದಾರ ತಾನಾಗಿಯೇ ಸಡಿಲವಾಗುವಂತೆ, ಕತ್ತು ತಿರುಗಿದರೆ ಪಟ್ಟಿಯೂ ತಿರುಗುವಂತೆ ಕಟ್ಟಿದ. ಕತ್ತು ಹಳೆಯ ಮಾತನ್ನೇ ಆಡಬಹುದು. ಸಿಂಬಿ ಅದನ್ನು ಕೇಳಿಸಿಕೊಂಡು ಹೊಸ ದಾರಗಳಿಗೆ ಹೇಳುತ್ತದೆ. ಅದನ್ನು ಕಟ್ಟಲು ಅವನಿಗೆ ಒಂಬತ್ತು ದಿನ ಹಿಡಿಯಿತು. ಅಡ್ಡಪಟ್ಟಿ ಮಾಡುವುದಕ್ಕಿಂತ ಕಷ್ಟದ ಕೆಲಸ ಅದು. ಹೊಗಳುವವರೂ ಇಲ್ಲ.

ಹತ್ತನೆಯ ದಿನ ಮುದುಕ ಸಿಂಬಿ ಇಟ್ಟುಕೊಂಡು ತಲೆ ಬಾಗಿಸಿದ. ತಾಯಿ ತಲೆ ಬಾಗಿಸಿದಳು. ಥೇಟು ಮೊದಲಿನ ಹಾಗೆ. ಗೊಂಬೆ ಮಾಡುವವನ ಹೆಂಡತಿ ನಡುಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಸೆರಗು ಕಣ್ಣಿಗೆ ಒತ್ತಿಕೊಂಡಳು.

ಅಷ್ಟಕ್ಕೇ ಮುಗಿಯಲಿಲ್ಲ. ಬಾಗಿದ ಕತ್ತು ಎತ್ತುವ ಮೊದಲು ಮುದುಕನ ಕಿರುಬೆರಳು ತಿಳಿಯದೆಯೇ ಒಂದು ದಾರಕ್ಕೆ ತಗಲಿತು. ತಲೆ ಬಾಗಿಸಿದ್ದ ತಾಯಿ, ಹೋಗುವ ಮಗಳನ್ನೆಂಬಂತೆ ಕಣ್ಣೆತ್ತಿ ಒಂದು ಸಲ ನೋಡಿದಳು. ಮುದುಕ ಬೆಚ್ಚಿದ. ಅವನ ಆಟದಲ್ಲಿ ಅದಿರಲಿಲ್ಲ. ಇದ್ದದ್ದು ಬೇರೆ ಕಡೆ. ಅಕ್ಕನ ಗಾಡಿ ಹೊರಟಾಗ ಅವ್ವ ಹಾಗೆಯೇ ನೋಡಿದ್ದಳು. ಹಳೆಯ ಗೊಂಬೆಗೆ ಕಣ್ಣೆತ್ತಲು ಬಾರದೆ ಅದನ್ನು ಅವನು ನಲವತ್ತು ವರ್ಷ ಆಟಕ್ಕೆ ತರಲಾಗಿರಲಿಲ್ಲ. ಮುದುಕ ಗೊಂಬೆಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟ. ಆಮೇಲೆ, ಆ ದಾರ ಯಾವ ಬೆರಳಿನದು, ಇನ್ನೊಮ್ಮೆ ತೋರಿಸಿ ಎಂದು ಅವನಾಗಿಯೇ ಕೇಳಿದ.

ಅವತ್ತಿನಿಂದ ಆ ಮನೆಯಿಂದ ಹೊರಟ ಯಾವ ಗೊಂಬೆಯೂ ಸಿಂಬಿಯಿಲ್ಲದೆ ಹೊರಡಲಿಲ್ಲ. ಬೆರಳಲ್ಲೇ ಕಲಿತ ಹೊಸಬರು, ಇದೇನು ಗೊಂಬೆಗೆ ಕೋಡು ಎಂದು ನಗುತ್ತಿದ್ದರು. ಬೇಡವಾದವರು ಇಟ್ಟುಕೊಳ್ಳಬೇಡಿ ಎಂದು ಅವನು ನಗುತ್ತಲೇ ಕಟ್ಟುತ್ತಿದ್ದ. ಹನ್ನೊಂದು ದಾರಗಳನ್ನು ಹಿಡಿದುಕೊಂಡು ಹನ್ನೊಂದು ಊರಿಗೆ ತಾನೇ ನಡೆದುಹೋದ.

ಮೇಷ್ಟ್ರು ಇಲ್ಲಿಗೆ ಕತೆ ನಿಲ್ಲಿಸಿ ಎಲೆಗೆ ಸುಣ್ಣ ಸವರಿದರು. ಪರಶಿವನ ಕೈ ಜೇಬಿಗೆ ಹೋಯಿತು. ಗ್ರಂಥಾಲಯದ ಹೆಂಗಸಿನ ಕಾಗದ ಅಲ್ಲಿಯೇ ಇತ್ತು. ಕಾಗದ ಬರೆಯದೆ ಸುಮ್ಮನಾದವರು ಎಷ್ಟು ಮಂದಿಯೋ ಎಂಬ ಯೋಚನೆ ಅವನಿಗೆ ಮೊದಲ ಸಲ ಬಂತು. ಆದರೂ ಎರಡು ವರ್ಷದ ದುಡಿಮೆ. ಮನಸ್ಸು ಅಷ್ಟು ಸಲೀಸಾಗಿ ಬಗ್ಗಲಿಲ್ಲ.

"ಅವನು ಮುದುಕ, ಮೇಷ್ಟ್ರೇ. ಕತ್ತು ಹಳೆಯದನ್ನು ಬಿಡಲಿಲ್ಲ, ಒಪ್ಪುತ್ತೇನೆ. ನಮ್ಮಂಥವರಿಗೇನು? ಬದಲಾದದ್ದು ಕಣ್ಣೆದುರಿಗೆ ಇದ್ದರೆ ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ."

ಮೇಷ್ಟ್ರು ಎಲೆ ಮಡಿಸುವುದನ್ನು ನಿಲ್ಲಿಸಿ ಅವನ ಹಿಂದಿದ್ದ ಬಾಗಿಲ ಕಡೆ ನೋಡಿದರು. ಅವನೂ ತಿರುಗಿ ನೋಡಿದ.

"ಆ ಬಾಗಿಲು ಎತ್ತರಿಸಿ ಒಂಬತ್ತು ವರ್ಷವಾಯಿತು, ಚೌಕಟ್ಟು ಎತ್ತಿ ನಿಲ್ಲಿಸಿದವನೂ ನೀನೇ, ಇವತ್ತು ಬರುವಾಗ ತಲೆ ಯಾಕಪ್ಪ ತಗ್ಗಿಸಿದೆ?"